ಏಳು ಹಲಸಿನ ಹಣ್ಣಿಗೆ ಏಳು ಲಂಗ

ಹಲಸಿನ ಹಣ್ಣಿಗೆ ಲಂಗ ಹೊಲಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಇಲ್ಲವಾದರೆ ಈ ಅಂಕಣದ ಮೇಲಿರುವ ಫೋಟೊ ನೋಡಿ. ನಾನೇ ಅವಳು. ಒಂದಲ್ಲ, ಏಳು ಹೊಲಿದೆ. ಲಾಡಿ ಸಮೇತ.

ಊರೆಲ್ಲ ಹೊಗಳಿತು. "ಅಕ್ಕ ಅಂದ್ರೆ ಹಿಂಗಿರ್ಬೇಕು ಕಣಪ್ಪ" ಎಂದರು. ಆ ಹೊಗಳಿಕೆ ಕೇಳಿದ ಮೇಲೆ ಮೂರು ವಾರ ನನ್ನ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. (ಮುದ್ದೆ ನುಂಗುವ ಪದಾರ್ಥ. ಅಗಿದು ತಿನ್ನೋಣ ಎಂದರೆ ಅದಕ್ಕೂ ದಾರಿಯಿಲ್ಲ.) ಪ್ರತಿ ವಾರ ಇಲ್ಲಿ ಬೇರೆಯವರ ತಪ್ಪು ಎತ್ತಿ ಆಡುವವಳು ನಾನು. ಈ ವಾರ ನನ್ನದೇ ಒಂದನ್ನು ಹೇಳಿ ಹಗುರಾಗುತ್ತೇನೆ.

ಚೇಳೂರಿನಲ್ಲಿ ಬಸ್ಸಿಳಿದು ಎರಡು ಕಿಲೋಮೀಟರ್ ನಡೆದರೆ ನಮ್ಮೂರು. ನನ್ನನ್ನು ಕೊಟ್ಟ ಊರಿಗೇ ನನ್ನ ತಂಗಿ ಸರೋಜಿಯನ್ನೂ ಕೊಟ್ಟರು. ನಮ್ಮ ಮನೆ ಸರ್ಕಾರಿ ಶಾಲೆಯ ಎದುರಿಗಿದೆ. ಮನೆಯ ಜಗುಲಿಯೇ ನನ್ನ ಟೈಲರಿಂಗ್ ಅಂಗಡಿ. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಸರೋಜಿಯ ಮನೆ. ಆ ಮನೆಯ ಮುಂದೆ ಒಂದು ಹಲಸಿನ ಮರ. ಕೆಂಪು ತೊಳೆಯ ಹಲಸು. ಬೇಸಿಗೆಯಲ್ಲಿ ಬುಡದಿಂದ ಕೊಂಬೆಯವರೆಗೆ ಕಾಯಿ ಜೋತುಬೀಳುತ್ತದೆ.

ಸರೋಜಿ ಪಿಯುಸಿ ಪಾಸು. ನಾನು ಏಳನೇ ಕ್ಲಾಸು. ತಂಗಿಯನ್ನು ಓದಿಸುವುದಕ್ಕೆ ನಾನು ಶಾಲೆ ಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಇದು ತಪ್ಪೊಪ್ಪಿಗೆಯ ವಾರ. ನಾನು ಏಳರಲ್ಲಿ ಫೇಲಾದೆ, ಅಷ್ಟೇ.

ಈ ಬೇಸಿಗೆಯಲ್ಲಿ ನಮ್ಮ ವಾರ್ಡಿಗೆ ಗ್ರಾಮ ಪಂಚಾಯ್ತಿ ಉಪಚುನಾವಣೆ ಬಂತು. ಸೀಟು ಮಹಿಳೆಯರಿಗೆ ಮೀಸಲು. ನಿಂತವರು ಇಬ್ಬರೇ. ಒಬ್ಬಳು ಸರೋಜಿ. ಇನ್ನೊಬ್ಬಳು ಲಲಿತಮ್ಮ. ಲಲಿತಮ್ಮ ಕುಣಿಗಲ್‌ನಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಮಾತು ಕಡಿಮೆ. ನನ್ನ ಹತ್ತಿರ ಬಿಟ್ಟು ಬೇರೆ ಎಲ್ಲೂ ಬ್ಲೌಸ್ ಹೊಲಿಸಿದವಳಲ್ಲ.

ಪಂಚಾಯ್ತಿ ಚುನಾವಣೆಯಲ್ಲಿ ಅಭ್ಯರ್ಥಿಗಳು ಒಂದು ಪಟ್ಟಿ ನೋಡಿ ಚಿಹ್ನೆ ಆರಿಸಿಕೊಳ್ಳಬೇಕು. ಸರೋಜಿ ಯೋಚಿಸಲೇ ಇಲ್ಲ. "ಮನೆ ಮುಂದೇನೆ ಐತಲ್ಲ, ಫ್ರೀ ಪಬ್ಲಿಸಿಟಿ" ಎಂದು ಹಲಸಿನ ಹಣ್ಣು ಕೇಳಿ ತೆಗೆದುಕೊಂಡಳು. ಲಲಿತಮ್ಮನಿಗೆ ಹೊಲಿಗೆ ಮಿಷನ್ ಸಿಕ್ಕಿತು.

ಹೊಲಿಗೆ ಮಿಷನ್! ಶಾಲೆಯೇ ಮತಗಟ್ಟೆ. ಶಾಲೆಯ ಎದುರಿಗೆ ನನ್ನ ಅಂಗಡಿ. ಅಂಗಡಿಯ ಬೋರ್ಡಿನ ಮೇಲೆ ಯಾವ ಚಿತ್ರ ಇರುತ್ತದೆ ಹೇಳಿ?

ತುಮಕೂರಿನಿಂದ ಚುನಾವಣಾ ಡ್ಯೂಟಿಗೆ ಒಬ್ಬ ಸಾಹೇಬರು ಬಂದಿದ್ದರು. ಹೈಸ್ಕೂಲ್ ಮೇಷ್ಟ್ರು, ಬಹಳ ಸಭ್ಯರು. ಶಾಲೆಯ ಅಂಗಳದಲ್ಲಿ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡುವ ಹಾಗೆ ರೂಲ್ಸ್ ಓದಿದರು. ಕರೆಂಟ್ ಕಂಬಕ್ಕೆ ಬ್ಯಾನರ್ ಕಟ್ಟಬಾರದು. ಶಾಲೆ ಗೋಡೆಗೆ, ಬಸ್‌ಸ್ಟ್ಯಾಂಡ್ ಗೋಡೆಗೆ ಪೋಸ್ಟರ್ ಅಂಟಿಸಬಾರದು. ಯಾರದ್ದಾದರೂ ಸ್ವಂತ ಗೋಡೆಯಾದರೆ ಅವರು ಒಪ್ಪಿಗೆ ಬರೆದುಕೊಡಬೇಕು. ಕರಪತ್ರದ ಕೆಳಗೆ ಅಚ್ಚು ಹಾಕಿದವರ ಹೆಸರು, ಹಾಕಿಸಿದವರ ಹೆಸರು ಎರಡೂ ಇರಬೇಕು. ಮತದಾನದ ದಿನ ಮತಗಟ್ಟೆಯ ನೂರು ಮೀಟರ್ ಒಳಗೆ ಯಾವ ಅಭ್ಯರ್ಥಿಯ ಚಿಹ್ನೆಯೂ ಕಾಣಬಾರದು. ಕಂಡರೆ ಪಂಚಾಯ್ತಿ ಆಫೀಸಿನ ಪೆಟ್ಟಿಗೆಗೆ ದೂರು ಹಾಕಿ.

"ದೂರಿಗೆ ಹೆಸರು ಬರೀಬೇಕಾ ಸಾರ್?" ಎಂದು ಯಾರೋ ಕೇಳಿದರು.

"ಬರೆಯದಿದ್ರೂ ನೋಡ್ತೀವಿ" ಎಂದರು ಸಾಹೇಬರು.

ನೋಡಿ, ಕರಪತ್ರಕ್ಕೆ ಇಬ್ಬರ ಹೆಸರು ಬೇಕು. ದೂರಿಗೆ ಒಬ್ಬರದ್ದೂ ಬೇಡ. ನನ್ನಂಥವರು ಹಾಳಾಗುವುದು ಇಂಥ ಸಂದಿಯಲ್ಲೇ.

ಅವತ್ತೇ ಸಂಜೆ ಸರೋಜಿ ಅಂಗಡಿಗೆ ಬಂದಳು.

"ಅಕ್ಕ, ಎರಡು ದಿನ ಆ ಬೋರ್ಡ್ ಇಳಿಸ್ಬುಡು."

"ಆಗಲ್ಲ ಕಣೇ. ಮದ್ವೆ ಸೀಸನ್ನು."

"ವೋಟ್ ಹಾಕೋಕ್ ಬರೋರು ನಿನ್ ಬೋರ್ಡ್ ನೋಡ್ಕೊಂಡೇ ಒಳಗ್ ಹೋಗ್ತಾರೆ. ಲಲಿತಮ್ಮಂಗೆ ನೀನೇ ಪ್ರಚಾರ ಮಾಡ್ದಂಗಾಯ್ತದೆ."

"ನಾನು ಬೋರ್ಡ್ ಹಾಕಿ ಹನ್ನೆರಡು ವರ್ಷ ಆಯ್ತು. ಲಲಿತಮ್ಮ ನಿಂತು ಹತ್ತು ದಿನ ಆಗಿಲ್ಲ."

"ಒಡಹುಟ್ಟಿದವ್ಳಿಗಿಂತ ಬೋರ್ಡೇ ಹೆಚ್ಚಾ ನಿಂಗೆ?"

ನಾನು ತಲೆ ಬಗ್ಗಿಸಿ ಬಾಬಿನ್ನಿಗೆ ದಾರ ಸುತ್ತಿದೆ. ಸರೋಜಿ ಕಾಲು ಅಪ್ಪಳಿಸಿಕೊಂಡು ಹೋದಳು.

ಮಾರನೇ ದಿನ ಸಾಹೇಬರು ಒಂದು ಗೋಣಿಚೀಲ ಹಿಡಿಸಿಕೊಂಡು ಬಂದರು. ಬೋರ್ಡಿನ ಮೇಲೆ ದೂರು ಬಂದಿದೆಯಂತೆ. ದೂರು ಕೊಟ್ಟವಳು ನನ್ನ ತಂಗಿ. ಅವಳ ಪರವಾಗಿ ಒಂದು ಮಾತು ಹೇಳಲೇಬೇಕು: ಅವಳು ಪೂರ್ತಿ ಹೆಸರು ಬರೆದು, ಸಹಿ ಹಾಕಿ, ಫೋನ್ ನಂಬರನ್ನೂ ಕೊಟ್ಟು ದೂರಿದ್ದಳು. ಪಿಯುಸಿ ಪಿಯುಸಿಯೇ.

ಬೋರ್ಡಿಗೆ ಗೋಣಿಚೀಲ ಬಿತ್ತು. ಸಾಹೇಬರು ಜಗುಲಿಯ ಕಡೆ ತಿರುಗಿದರು.

"ಮಿಷನ್ನೂ ಒಳಗೆ ಇಟ್ಕೊಂಡ್ಬಿಡಿ ಅಮ್ಮ."

"ಸಾರ್, ಇದು ಚಿಹ್ನೆ ಅಲ್ಲ. ಮಿಷನ್ನು."

"ಚಿತ್ರವೇ ಕಾಣಬಾರದು ಅಂದ್ಮೇಲೆ ನಿಜವಾದ್ದು ಕಂಡ್ರೆ ಹೇಗಮ್ಮ?"

ಏಳನೇ ಕ್ಲಾಸಿನವಳು ಇದಕ್ಕೆ ಏನು ಉತ್ತರ ಕೊಡಲಿ? ಮಿಷನ್ ಅಡುಗೆಮನೆ ಸೇರಿತು. ಒಂದು ಕಡೆ ಗ್ಯಾಸ್ ಸ್ಟೌ, ಇನ್ನೊಂದು ಕಡೆ ನಾನು. ಒಗ್ಗರಣೆಯ ಸಾಸಿವೆ ಸಿಡಿದು ಒಬ್ಬ ಮದುವಣಗಿತ್ತಿಯ ರೇಷ್ಮೆ ಬ್ಲೌಸಿನ ತೋಳಿನ ಮೇಲೆ ಎಣ್ಣೆಯ ಚುಕ್ಕೆ ಕೂತಿತು. ಆಗ ಕಿಟಕಿಯಾಚೆ ಕಣ್ಣು ಹಾಯಿಸಿದೆ. ದೂರದಲ್ಲಿ ಸರೋಜಿಯ ಮರ. ಮರದ ತುಂಬ ಚಿಹ್ನೆ.

ನನ್ನ ಬೋರ್ಡಿಗೆ ಗೋಣಿಚೀಲ, ಅವಳ ಹಲಸಿಗೆ ಹಬ್ಬವೇ?

ನಾವು ಟೈಲರ್‌ಗಳು ಗಿರಾಕಿಯ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಅವರ ಬಟ್ಟೆಗೆ ಪಿನ್ ಮಾಡಿ ಇಡುತ್ತೇವೆ. ಕೈಗೆ ಸಿಕ್ಕಿದ ಒಂದು ಚೀಟಿ ಕಿತ್ತುಕೊಂಡೆ. ಅದರ ಹಿಂಭಾಗದಲ್ಲಿ ಬರೆದೆ: "ಮಾನ್ಯರೇ, ಶಾಲೆಯ ಹತ್ತಿರ ಒಂದು ಮರದಲ್ಲಿ ಒಬ್ಬ ಅಭ್ಯರ್ಥಿಯ ಚಿಹ್ನೆಗಳು ನೇತಾಡುತ್ತಿವೆ. ದಯವಿಟ್ಟು ಕ್ರಮ ಕೈಗೊಳ್ಳಿ." ಹೆಸರು ಹಾಕಲಿಲ್ಲ. ತರಕಾರಿ ತರುವ ನೆಪದಲ್ಲಿ ಹೋಗಿ ಪೆಟ್ಟಿಗೆಗೆ ಹಾಕಿ ಬಂದೆ. ಬರುವಾಗ ತರಕಾರಿ ತರುವುದನ್ನೇ ಮರೆತೆ.

ಮತದಾನಕ್ಕೆ ಎರಡು ದಿನ ಇತ್ತು. ಬೆಳಿಗ್ಗೆ ಸಾಹೇಬರು ಮತ್ತೆ ಬಂದರು.

"ಅಮ್ಮ, ನಮ್ಮ ಉದ್ದದ ಟೇಪ್ ಬೇರೆ ಬೂತ್‌ಗೆ ಹೋಗಿದೆ. ನಿಮ್ಮದು ಕೊಡ್ತೀರಾ?"

ನನ್ನ ಟೇಪ್ ಒಂದೂವರೆ ಮೀಟರ್ ಉದ್ದ. ಅಳೆಯಬೇಕಾದ್ದು ನೂರು. ಇದನ್ನು ಕೇಳಿ ಸಾಹೇಬರು, "ಹಾಗಾದ್ರೆ ನೀವೇ ಬನ್ನಿ, ಅಳತೆ ನಿಮ್ಮ ಕಸುಬಲ್ವಾ?" ಎಂದರು. ಹೀಗೆ ನನ್ನ ದೂರಿನ ತನಿಖೆಗೆ ನಾನೇ ಹೊರಟೆ.

ಶಾಲೆಯ ಬಾಗಿಲಿನಿಂದ ಶುರು ಮಾಡಿದೆವು. ನಾನು ಒಂದು ತುದಿ, ಸಾಹೇಬರು ಒಂದು ತುದಿ. ಬಗ್ಗುವುದು, ಇಡುವುದು, ಏಳುವುದು. ನಲವತ್ತರ ಹತ್ತಿರ ಯಾರದ್ದೋ ಎಮ್ಮೆ ಟೇಪಿನ ಮೇಲೆ ನಿಂತು ಲೆಕ್ಕ ತಪ್ಪಿತು. ಮತ್ತೆ ಬಾಗಿಲಿನಿಂದ. ಅಷ್ಟರಲ್ಲಿ ಅರ್ಧ ಊರು ಹಿಂದೆ ಸೇರಿತ್ತು. ಸರೋಜಿಯೂ ಬಂದಳು. ಲಲಿತಮ್ಮನೂ ಬಂದಳು.

ಫಲಿತಾಂಶ: ಮರದ ಬುಡ ನೂರಾ ಎರಡು ಮೀಟರ್. ರಸ್ತೆಯ ಕಡೆ ಚಾಚಿದ ಕೊಂಬೆ ತೊಂಬತ್ತಾರು.

ಬುಡ ಕಾನೂನಿನ ಆಚೆ. ಕೊಂಬೆ ಕಾನೂನಿನ ಈಚೆ. ಬುಡದಲ್ಲಿದ್ದ ಕಾಯಿಗಳು ಆರಾಮವಾಗಿ ಇರಬಹುದು. ಕೊಂಬೆಯಲ್ಲಿದ್ದ ಏಳು ಕಾಯಿಗಳು ನೀತಿಸಂಹಿತೆ ಉಲ್ಲಂಘಿಸುತ್ತಿವೆ.

ಸರೋಜಿ ಬಿಡುವವಳಲ್ಲ. "ಸಾರ್, ನನ್ ಚಿಹ್ನೆ ಹಲಸಿನ ಹಣ್ಣು. ಇವು ಇನ್ನೂ ಕಾಯಿ!"

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕೈಗೆಟುಕಿದ ಒಂದು ಕಾಯಿಯನ್ನು ಬೆರಳಿನಿಂದ ತಟ್ಟಿದರು. ಮೂಸಿದರು. "ನಾಡಿದ್ದಿಗೆ ಹಣ್ಣಾಗುತ್ತೆ ಅಮ್ಮ. ಮತದಾನವೂ ನಾಡಿದ್ದೇ."

"ಯಾರ್ ಸಾರ್ ಇಂಥಾ ಕಂಪ್ಲೇಂಟ್ ಕೊಟ್ಟಿರೋದು?"

"ಹೆಸರಿಲ್ಲ..." ಎನ್ನುತ್ತಾ ಸಾಹೇಬರು ಜೇಬಿನಿಂದ ಚೀಟಿ ತೆಗೆದರು. ಸುಮ್ಮನೆ ಅದನ್ನು ತಿರುಗಿಸಿದರು. "ಓ, ಹಿಂದೆ ಇದೆ. ಲಲಿತಮ್ಮ."

ನನ್ನ ಕಾಲಿನ ಕೆಳಗಿನ ರಸ್ತೆ ಒಂದೂವರೆ ಮೀಟರ್ ಕುಸಿಯಿತು. ಅವಸರದಲ್ಲಿ ನಾನು ಕಿತ್ತುಕೊಂಡಿದ್ದು ಲಲಿತಮ್ಮನ ಅಳತೆ ಚೀಟಿ!

ಸಾಹೇಬರು ಮೇಷ್ಟ್ರು. ಹಾಜರಿ ಕೂಗುವ ಧ್ವನಿಯಲ್ಲಿ ಓದತೊಡಗಿದರು. "ಲಲಿತಮ್ಮನವರೇ, ಇದು ನಿಮ್ಮದಾ? ಲಲಿತಮ್ಮ... ಎದೆ..."

"ನಂದೇ ಸಾರ್! ನಂದೇ, ನಂದೇ!" ಲಲಿತಮ್ಮ ಒಂದೇ ನೆಗೆತಕ್ಕೆ ಚೀಟಿ ಕಿತ್ತುಕೊಂಡು ಸೆರಗಿನೊಳಗೆ ಸೇರಿಸಿದಳು.

ಆ ಎರಡು ಕ್ಷಣದಲ್ಲಿ ಅವಳಿಗಿದ್ದ ದಾರಿ ಎರಡೇ. ಕಂಪ್ಲೇಂಟು ತನ್ನದೇ ಎಂದು ಒಪ್ಪಿಕೊಳ್ಳುವುದು. ಅಥವಾ ಅರ್ಧ ಊರಿನ ಮುಂದೆ ತನ್ನ ಎದೆ, ಸೊಂಟ, ತೋಳಿನ ಸುತ್ತಳತೆ ಓದಿಸಿಕೊಳ್ಳುವುದು. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ?

ಸರೋಜಿ ಹತ್ತಿಕೊಂಡು ಉರಿದಳು. "ಸೋಲೋ ಭಯಕ್ಕೆ ಮರದ ಮ್ಯಾಲೆ ಕಂಪ್ಲೇಂಟ್ ಕೊಡ್ತೀಯಾ? ಕುಣಿಗಲ್‌ನಲ್ಲಿ ಇದನ್ನೇ ಕಲಿತು ಬಂದ್ಯಾ? ಕಾಯಿ ಏನ್ ಮಾಡಿತ್ತು ನಿಂಗೆ?"

ಲಲಿತಮ್ಮ ನನ್ನ ಕಡೆ ನೋಡಿದಳು. ನಾನು ಬಹಳ ಶ್ರದ್ಧೆಯಿಂದ ಟೇಪ್ ಸುತ್ತುತ್ತಿದ್ದೆ.

ಓದುಗರೇ, ನನ್ನ ತಪ್ಪು ಅದು. ಚೀಟಿ ಬರೆದದ್ದಲ್ಲ. ಅದು ಕೋಪ, ಯಾರಿಗಾದರೂ ಬರುತ್ತದೆ. ಆ ಟೇಪನ್ನು ಅಷ್ಟು ಹೊತ್ತು ಸುತ್ತಿದ್ದು ತಪ್ಪು.

ಸಾಹೇಬರ ಆದೇಶವಾಯಿತು. ಏಳು ಕಾಯಿ ಕೀಳಬೇಕು, ಇಲ್ಲವೇ ಮುಚ್ಚಬೇಕು. ಸರೋಜಿ ಕೀಳಲು ಒಪ್ಪಲಿಲ್ಲ. ಚಿಹ್ನೆಯನ್ನು ತಾನೇ ಕಡಿದು ಹಾಕುವುದು ಅಪಶಕುನವಂತೆ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕೈ ಹಿಡಿದಳು. "ಅಕ್ಕ, ಬೋರ್ಡಿನ್ ವಿಷ್ಯ ಮನಸಲ್ಲಿ ಇಟ್ಕೋಬೇಡ ಕಣೇ. ನೀನೇ ಏನಾದ್ರೂ ಹೊಲ್ಕೊಡು."

ಯಾರ ಹತ್ತಿರ ಬಂದು ಕೇಳುತ್ತಿದ್ದಾಳೆ ನೋಡಿ! ಇಲ್ಲ ಎನ್ನಲು ನನಗೆ ಬಾಯಿಯಾದರೂ ಎಲ್ಲಿತ್ತು?

ಬಟ್ಟೆ ಯಾವುದು ಎಂಬ ಪ್ರಶ್ನೆ ಬಂತು. ಯಾವುದೇ ಪಕ್ಷದ ಬಣ್ಣ ಇರಬಾರದು ಎಂದರು ಸಾಹೇಬರು. ಕೇಸರಿ ಬೇಡ. ಹಸಿರು ಬೇಡ. ಕೆಂಪು ಬೇಡ. ನೀಲಿಯೂ ಬೇಡ. ಬಿಳಿ ತೋರಿಸಿದರೆ ಸರೋಜಿ, "ಹೆಣದ ಬಟ್ಟೆ ಹೊದಿಸ್ತೀಯಾ?" ಎಂದು ಅತ್ತಳು. ಕೊನೆಗೆ ನನ್ನಲ್ಲಿ ಉಳಿದದ್ದು ನೈಟಿ ಹೊಲಿಯುವ ಹೂವಿನ ಬಟ್ಟೆ.

ಸಾಹೇಬರು ಅದನ್ನು ಹತ್ತಿರ ಹಿಡಿದು ನೋಡಿದರು. "ಇದು ಯಾವ ಹೂವು?"

"ನೈಟಿ ಹೂವು ಸಾರ್. ಗಿಡದಲ್ಲಿ ಬಿಡಲ್ಲ."

ಅನುಮತಿ ಸಿಕ್ಕಿತು.

ಸರೋಜಿಯ ಗಂಡ ಏಣಿ ಹತ್ತಿ ಟೇಪ್ ಸುತ್ತಿದರು, ನಾನು ಕೆಳಗೆ ಬರೆದುಕೊಂಡೆ. ಏಳು ಕಾಯಿಗೆ ಏಳು ಅಳತೆ. ಹಲಸಿಗೆ ಸೊಂಟ ಇಲ್ಲ, ಅದು ಒಂದು ಅನುಕೂಲ. ಆದರೆ ಮುಳ್ಳು ಇದೆ, ಅದಕ್ಕೆ ಒಳಗೆ ಲೈನಿಂಗ್ ಕೊಟ್ಟೆ. ಮೇಲೆ ಲಾಡಿ ಪೋಣಿಸಿದೆ. ಹೊಲಿದು ತೊಡಿಸಿದಾಗ, ದೇವರಾಣೆ, ಏಳು ಜನ ಗುಂಡು ಗುಂಡು ಹೆಂಗಸರು ನೈಟಿ ಹಾಕಿಕೊಂಡು ಕೊಂಬೆಗೆ ಜೋತುಬಿದ್ದ ಹಾಗೆ ಕಾಣುತ್ತಿತ್ತು.

ಬರಿಯ ಕಾಯಿಯನ್ನು ನಮ್ಮೂರಿನಲ್ಲಿ ಯಾರು ನೋಡುತ್ತಾರೆ? ಹುಟ್ಟಿದಾಗಿನಿಂದ ನೋಡಿದ್ದೇ. ಆದರೆ ನೈಟಿ ಹಾಕಿಕೊಂಡ ಕಾಯಿ? ಪಕ್ಕದ ಊರುಗಳಿಂದ ಬೈಕಿನಲ್ಲಿ ಜನ ಬಂದರು. ಸೆಲ್ಫಿ ತೆಗೆದರು. ಮತದಾನದ ದಿನ ಸಾಲಿನಲ್ಲಿ ನಿಂತವರ ಬಾಯಲ್ಲಿ ಅದೇ ಮಾತು. "ಅದರೊಳಗೆ ಏನೈತೆ?" "ಹಲಸಿನ್ ಹಣ್ಣು ಕಣಜ್ಜಿ." "ಹಲಸಿನ್ ಹಣ್ಣಾ?" "ಹೂಂ, ಹಲಸಿನ್ ಹಣ್ಣು." ಸಾಹೇಬರು ಬಾಗಿಲಿಗೆ ಬಂದು, "ಚಿಹ್ನೆಯ ಹೆಸರು ಹೇಳಬೇಡಿ" ಎಂದು ಕೈಮುಗಿದರು. "ಯಾವ ಚಿಹ್ನೆ ಸಾರ್? ಹಲಸಿನ ಹಣ್ಣಾ?" ಎಂದು ಅಜ್ಜಿ ಮತ್ತೆ ಕೇಳಿದರು.

ಗೋಣಿಚೀಲ ಹಾಕಿಕೊಂಡ ನನ್ನ ಬೋರ್ಡಿನ ಕಡೆ ಒಬ್ಬರೂ ತಲೆಯೆತ್ತಿ ನೋಡಲಿಲ್ಲ.

ಗುಬ್ಬಿಯಲ್ಲಿ ಎಣಿಕೆಯಾಯಿತು. ಸರೋಜಿ ಹತ್ತೊಂಬತ್ತು ಮತದಿಂದ ಗೆದ್ದಳು. ಮೆರವಣಿಗೆಯಲ್ಲಿ ನನಗೇ ಮೊದಲ ಹಾರ ಹಾಕಿದಳು. ಮೈಕ್ ಹಿಡಿದು, "ವಿರೋಧಿಗಳು ಕಂಪ್ಲೇಂಟ್ ಕೊಟ್ರು. ನಮ್ಮಕ್ಕ ಮಾನ ಮುಚ್ಚಿದ್ಲು" ಎಂದಳು. ಜನ ಚಪ್ಪಾಳೆ ತಟ್ಟಿದರು. ಆ ಹಾರದಷ್ಟು ಭಾರದ ವಸ್ತುವನ್ನು ನಾನು ಹೊತ್ತಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇನೋ. ಮುಗಿಯಲಿಲ್ಲ. ಲಲಿತಮ್ಮನಿಗೆ ಊರಿನಲ್ಲಿ "ಕಂಪ್ಲೇಂಟ್ ಲಲಿತಮ್ಮ" ಎಂದು ಹೆಸರು ಬಿತ್ತು. ಡೈರಿಗೆ ಹಾಲು ಹಾಕಲು ಹೋದರೆ ನಗು. ಮಹಿಳಾ ಸಂಘದ ಮೀಟಿಂಗಿಗೆ ಅವಳು ಬಂದರೆ ಸರೋಜಿ ಎದ್ದು ಹೋಗುವುದು, ಸರೋಜಿಯ ಹಿಂದೆ ಇನ್ನೂ ಆರು ಜನ. ಅಷ್ಟರಲ್ಲಿ ಲಲಿತಮ್ಮನ ಮಗಳ ಸೀಮಂತ ನಿಶ್ಚಯವಾಯಿತು. "ನಮ್ ಕಡೆಯೋರು ಒಬ್ರೂ ಹೋಗ್ಕೂಡ್ದು" ಎಂದು ಹೊಸ ಮೆಂಬರ್ ಸರೋಜಿಯ ಅಪ್ಪಣೆಯಾಯಿತು. ನಮ್ಮ ಕಡೆಯವರು ಅಂದರೆ ಮುಕ್ಕಾಲು ಬೀದಿ. ಖಾಲಿ ಚಾಪೆಯ ಮೇಲೆ ಚೊಚ್ಚಲ ಬಸುರಿಯನ್ನು ಕೂರಿಸಿ ಯಾರಿಂದ ಆರತಿ ಎತ್ತಿಸುವುದು?

ಆದರೂ ಲಲಿತಮ್ಮ ಕುಂಕುಮ ಹಿಡಿದುಕೊಂಡು ನನ್ನ ಜಗುಲಿಗೆ ಬಂದಳು. "ಶುಕ್ರವಾರ ಸೀಮಂತ ಅಕ್ಕ. ನೀವಾದ್ರೂ ಬನ್ನಿ."

ಆ "ಆದ್ರೂ" ನನ್ನ ಎದೆಗೆ ಸೂಜಿಯ ಹಾಗೆ ಇಳಿಯಿತು. ಹೇಳಿಬಿಟ್ಟೆ. "ಲಲಿತಮ್ಮ, ಆ ಕಂಪ್ಲೇಂಟು..."

"ಗೊತ್ತು ಬುಡಿ ಅಕ್ಕ. ಚೀಟಿ ನಂದು, ಅಕ್ಷರ ನಿಮ್ದು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಚೀಟಿ ತೋರ್ಸಿ ಅಂತಿದ್ರು. ತೋರ್ಸಕ್ಕಾಯ್ತದಾ ಅದನ್ನ?" ಎಂದಳು. ಆಮೇಲೆ ಸೇರಿಸಿದಳು: "ಚೀಟಿ ಇಲ್ದಿದ್ದಕ್ಕೆ ಅಂದಾಜಲ್ಲಿ ಹೊಲಿದ್ರಲ್ಲ, ಆ ಬ್ಲೌಸು ಬಿಗಿಯಾಗಿ ಉಸಿರೇ ಆಡಲ್ಲ ಅಕ್ಕ. ಕೆಟ್ಟ ಹೆಸರೂ ಬಂತು, ಬ್ಲೌಸೂ ಹೋಯ್ತು."

ಪತ್ರಿಕೆಯಲ್ಲಿ ಬರೆದು ಒಪ್ಪಿಕೊಳ್ಳುತ್ತೇನೆ ಎಂದೆ. "ಬರೀರಿ. ಅಳತೆ ಮಾತ್ರ ಬರೀಬೇಡಿ" ಎಂದಳು. (ಬರೆದಿಲ್ಲ, ಗಮನಿಸಿ.)

ಅಲ್ಲಿಂದ ನೇರವಾಗಿ ಸರೋಜಿಯ ಮನೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ, ಪೊರಕೆ ಎತ್ತಿಕೊಳ್ಳುತ್ತಾಳೆ ಎಂದು ಎಲ್ಲದಕ್ಕೂ ತಯಾರಾಗಿದ್ದೆ. ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ದಿಟ್ಟಿಸಿದಳು.

"ಅಂದ್ರೆ ನಾನ್ ಗೆದ್ದಿದ್ದು ನಿನ್ನಿಂದ ಅಂತ ಹೇಳೋಕ್ ಬಂದಿದೀಯಾ?"

"ಲೇ ಸರೋಜಿ, ತಪ್ಪೊಪ್ಕೊಳ್ತಾ ಇದೀನಿ ಕಣೇ!"

"ಗೊತ್ತಾಯ್ತು ಬುಡು. ನಿನ್ ಕಂಪ್ಲೇಂಟು, ನಿನ್ ಲಂಗ, ನಿನ್ನಿಂದ್ಲೇ ಗೆಲುವು. ನಾನ್ ಮನೆ ಮನೆ ಸುತ್ತಿದ್ದೆಲ್ಲಾ ಸುಮ್ನೆ. ಹಿಂಗೇ ತಾನೇ ಪೇಪರ್‌ನಲ್ಲಿ ಬರಿಯೋದು?"

ಹಾಗೇನಿಲ್ಲ. ಹಾಗಾಗಿ ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತಿದ್ದೇನೆ: ನನ್ನ ತಂಗಿ ಲಂಗ ಇಲ್ಲದೆಯೂ ಗೆಲ್ಲುತ್ತಿದ್ದಳು. (ಈ ವಾಕ್ಯವನ್ನು ಅವಳು ಎರಡು ಸಲ ತಿದ್ದಿಸಿದ್ದಾಳೆ. ಇನ್ನೂ ಚೆನ್ನಾಗಿ ಬಂದಿಲ್ಲ ಎಂದು ಗೊತ್ತು.)

ಶುಕ್ರವಾರ ನಾನು ಹೆದರುತ್ತಲೇ ಸೀಮಂತಕ್ಕೆ ಹೋದೆ. ಚಾಪೆ ಖಾಲಿ ಇರಲಿಲ್ಲ. ಸರೋಜಿ ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ನನಗಿಂತ ಮೊದಲೇ ಬಂದು ಕೂತಿದ್ದಳು. ಹುಡುಗಿಗೆ ಮೊದಲ ಆರತಿ ಎತ್ತಿದ್ದೂ ಅವಳೇ. ಲಲಿತಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಲಲಿತಮ್ಮ ಇವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಊಟ ಬಡಿಸಿದರು, ಮಾತು ಬಡಿಸಲಿಲ್ಲ.

ನನಗೆ ಸಂತೋಷವೇ. ಮೂರು ವಾರಗಳ ನಂತರ ಅವತ್ತು ರಾತ್ರಿ ಮುದ್ದೆ ಇಳಿಯಿತು.

ನಿನ್ನೆ ಅವರಿಬ್ಬರೂ ಒಂದೇ ಬಸ್ಸು ಹತ್ತಿದರು. ಎಲ್ಲಿಗೆ ಎಂದು ಕೇಳಿದೆ. ಲಲಿತಮ್ಮನ ತವರೂರು ಕುಣಿಗಲ್‌ನಲ್ಲಿ ಒಬ್ಬ ಒಳ್ಳೆಯ ಟೈಲರ್ ಇದ್ದಾನಂತೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸಬೇಕು, ಅರ್ಧ ದಿನದ ದಾರಿ. ಪರವಾಗಿಲ್ಲವಂತೆ, ಅವನು ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನಂತೆ.

ಊರಿನ ಎರಡು ಬಣಗಳನ್ನು ಒಂದು ಮಾಡಿದ್ದೇನೆ. ವಿರೋಧ ಪಕ್ಷದಲ್ಲಿ ಈಗ ಇರುವವಳು ನಾನೊಬ್ಬಳೇ.